ಬರೆದುಕೊಟ್ಟ ದಾರಿ: ಜಪಾನಿನಲ್ಲಿ ಪಾಠ ಮಾಡಲು ಹೊರಟವರಿಗೆ ಅಲ್ಲಿನ ರೈಲಿನ ವಿಚಾರ

ಜಪಾನಿನ ಶಾಲೆಗಳಿಗೆ ಇಂಗ್ಲಿಷ್ ಶಿಕ್ಷಕರಾಗಿ ಹೋಗಲು ತಯಾರಿ ನಡೆಸಿರುವವರಿಗಾಗಿ ತುಮಕೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ.

ಎಲ್ಲರಿಗೂ ನಮಸ್ಕಾರ.

ತುಮಕೂರಿನವರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವುದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಪಾಸ್ ಜೇಬಿನಲ್ಲಿಟ್ಟುಕೊಂಡು ಬೆಳಿಗ್ಗೆ ಹತ್ತಿ, ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ ದಾಟಿ, ಯಶವಂತಪುರದಲ್ಲೋ ಮೆಜೆಸ್ಟಿಕ್‌ನಲ್ಲೋ ಇಳಿದು, ರಾತ್ರಿ ಅದೇ ದಾರಿಯಲ್ಲಿ ಮರಳುವ ಸುಮಾರು 70 ಕಿಲೋಮೀಟರಿನ ಬದುಕು ಇಲ್ಲಿನ ಎಷ್ಟೋ ಮನೆಗಳಲ್ಲಿ ನಡೆದುಕೊಂಡು ಬಂದಿದೆ. ಕ್ರಾಸಿಂಗ್, ಸಿಗ್ನಲ್, ಔಟರ್‌ನಲ್ಲಿ ನಿಂತ ಗಾಡಿ, ಎಲ್ಲವೂ ನಿಮಗೆ ಗೊತ್ತು. ಜಪಾನಿನ ರೈಲಿನ ವೇಗ, ಶುಚಿ, ಶಿಸ್ತನ್ನು ವಿಡಿಯೋಗಳಲ್ಲಿ ನೋಡಿದ್ದೀರಿ. ಅಲ್ಲಿ ಶಿಕ್ಷಕರಾಗಿ ದಿನಾ ಓಡಾಡುವವರಿಗೆ ಎಲ್ಲಿ ಎಡವಟ್ಟಾಗುತ್ತದೆ, ಯಾಕೆ ಆಗುತ್ತದೆ, ಅದನ್ನು ಇವತ್ತು ನೋಡೋಣ.

ನಮ್ಮಲ್ಲಿ ಪಾಸ್ ಅಂದರೆ ಪ್ರಯಾಣಿಕನಿಗೂ ರೈಲ್ವೆಗೂ ನಡುವಿನ ವ್ಯವಹಾರ. ನೀವು ರೈಲಿನಲ್ಲಿ ಬಂದಿರೋ ಬಸ್ಸಿನಲ್ಲಿ ಬಂದಿರೋ ಶಾಲೆಗೆ ಬೇಕಾಗಿಲ್ಲ. ಜಪಾನಿನಲ್ಲಿ ಕೆಲಸಕ್ಕೆ ಸೇರುವಾಗಲೇ ಒಂದು ಫಾರಂ ಕೈಗೆ ಬರುತ್ತದೆ. ಹೆಸರು ತ್ಸೂಕಿನ್ ತೊದೊಕೆ, ಕೆಲಸಕ್ಕೆ ಬರುವ ದಾರಿಯನ್ನು ತಿಳಿಸುವ ಪತ್ರ. ಮನೆಯಿಂದ ಸ್ಟೇಷನ್ನಿಗೆ ಹೇಗೆ, ಎಷ್ಟು ನಿಮಿಷ, ಯಾವ ಮಾರ್ಗದಲ್ಲಿ ಎಲ್ಲಿ ಹತ್ತಿ, ಎಲ್ಲಿ ಬದಲಿಸಿ, ಎಲ್ಲಿ ಇಳಿಯುತ್ತೀರಿ, ಇಳಿದ ಮೇಲೆ ನಡಿಗೆಯೋ ಬಸ್ಸೋ, ಖರ್ಚು ಎಷ್ಟು. ಕೆಲವು ಕಡೆ ನಕ್ಷೆಯನ್ನೂ ಬರೆದುಕೊಡಬೇಕು.

ಈ ಹಾಳೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊದಲನೆಯದಾಗಿ, ನಿಮ್ಮ ಪ್ರಯಾಣ ಭತ್ಯೆ ಇದರ ಮೇಲೆಯೇ ನಿಂತಿದೆ. ಭತ್ಯೆಯ ಲೆಕ್ಕ ಹಾಕುವುದು ಅತಿ ಕಡಿಮೆ ಖರ್ಚಿನ, ಒಪ್ಪುವಂಥ ದಾರಿಗೆ. ನಿಮಗೆ ಇಷ್ಟವಾದ ದಾರಿ ಅದಕ್ಕಿಂತ ದುಬಾರಿಯಾದರೆ ಮೇಲಿನ ಹಣ ನಿಮ್ಮದು. ತಿಂಗಳಿಗೆ 150,000 ಯೆನ್‌ವರೆಗಿನ ರೈಲು, ಬಸ್ಸಿನ ಭತ್ಯೆಗೆ ಆದಾಯ ತೆರಿಗೆ ಇಲ್ಲ. ಆದರೆ ಆರೋಗ್ಯ ವಿಮೆ ಮತ್ತು ಪಿಂಚಣಿಯ ವಂತಿಗೆ ಕಟ್ಟುವಾಗ ಈ ಭತ್ಯೆಯನ್ನೂ ಸಂಬಳಕ್ಕೆ ಸೇರಿಸಿಯೇ ಲೆಕ್ಕ ಹಾಕುತ್ತಾರೆ. ಮೊದಲ ಸಂಬಳದ ಚೀಟಿ ನೋಡಿ ‘ಕಡಿತ ಯಾಕೆ ಜಾಸ್ತಿ’ ಅಂತ ಕೇಳುವವರಿಗೆ ಉತ್ತರದ ಒಂದು ಪಾಲು ಇಲ್ಲಿದೆ.

ಎರಡನೆಯದು ಇದಕ್ಕಿಂತ ದೊಡ್ಡದು. ಕೆಲಸಕ್ಕೆ ಹೋಗುವಾಗ, ಬರುವಾಗ ಆದ ಅಪಘಾತಕ್ಕೆ ಜಪಾನಿನ ಕಾರ್ಮಿಕ ಅಪಘಾತ ವಿಮೆಯಲ್ಲಿ ಪರಿಹಾರವಿದೆ. ಮೆಟ್ಟಿಲಲ್ಲಿ ಜಾರಿ ಕಾಲು ಮುರಿದರೂ ಅನ್ವಯಿಸುತ್ತದೆ. ಷರತ್ತು ಏನೆಂದರೆ ನೀವು ಮನೆ ಮತ್ತು ಶಾಲೆಯ ನಡುವಿನ ನ್ಯಾಯವಾದ ದಾರಿಯಲ್ಲಿ ಇರಬೇಕು. ಸಂಜೆ ಬೇರೆ ಊರಿನ ಕಡೆ ರೈಲು ಹತ್ತಿ ಗೆಳೆಯರ ಮನೆಗೆ ಹೋದಿರಿ ಅನ್ನಿ, ಅಲ್ಲಿಗೆ ರಕ್ಷಣೆ ಕಡಿಯುತ್ತದೆ. ದಿನಬಳಕೆಯ ಸಾಮಾನಿಗೆ ಅಂಗಡಿಗೆ ಹೋಗಿ ಮತ್ತೆ ಮಾಮೂಲಿ ದಾರಿಗೆ ಬಂದರೆ, ಬಂದ ಕ್ಷಣದಿಂದ ರಕ್ಷಣೆ ಮುಂದುವರಿಯುತ್ತದೆ; ಅಂಗಡಿಯೊಳಗಿನ ಹೊತ್ತಿಗೆ ಇಲ್ಲ. ರೈಲು ಅಂತ ಬರೆದುಕೊಟ್ಟು ಭತ್ಯೆ ಪಡೆದು ಸೈಕಲ್ಲಿನಲ್ಲಿ ಹೋಗುವುದನ್ನು ಅಲ್ಲಿ ಜಾಣತನ ಅನ್ನುವುದಿಲ್ಲ, ವಂಚನೆ ಅನ್ನುತ್ತಾರೆ, ಕೆಲಸವೇ ಹೋಗಬಹುದು. ಮನೆ ಬದಲಿಸಿದರೆ, ಶಾಲೆ ಬದಲಾದರೆ ಹೊಸ ಹಾಳೆ ಬರೆದುಕೊಡಿ, ಯಾರೂ ಕೇಳದಿದ್ದರೂ ಕೊಡಿ.

ದಾರಿ ಇಷ್ಟು ಮುಖ್ಯ ಅಂದಮೇಲೆ, ಮನೆ ಹುಡುಕುವ ಮೊದಲೇ ದಾರಿ ಹುಡುಕಬೇಕು. ಹೆಚ್ಚಿನವರು ತಿರುಗುಮುರುಗು ಮಾಡುತ್ತಾರೆ. ಟೋಕಿಯೋ ಅಥವಾ ಒಸಾಕಾ ಹತ್ತಿರ ಅಂತ ಬಾಡಿಗೆ ಮನೆ ಹಿಡಿಯುತ್ತಾರೆ, ಆಮೇಲೆ ಶಾಲೆ ಎಲ್ಲಿ ಅಂತ ಗೊತ್ತಾಗುತ್ತದೆ. ಇಂಗ್ಲಿಷ್ ಸಹಾಯಕ ಶಿಕ್ಷಕರು, ಅಂದರೆ ಎಎಲ್‌ಟಿಗಳು, ಒಂದೇ ಶಾಲೆಯವರಾಗಿರಬೇಕು ಅಂತೇನಿಲ್ಲ. ಒಬ್ಬರಿಗೆ ಮೂರು ನಾಲ್ಕು ಪ್ರಾಥಮಿಕ ಶಾಲೆ ಹಂಚಿರುವುದು ಸಾಮಾನ್ಯ. ಸೋಮವಾರ ಒಂದು, ಮಂಗಳವಾರ ಇನ್ನೊಂದು. ನಮ್ಮ ಬಿಇಒ ಕಚೇರಿಯಂಥ ಸ್ಥಳೀಯ ಶಿಕ್ಷಣ ಮಂಡಳಿ ನೇರವಾಗಿ ನೇಮಿಸಿದ್ದರೆ ಆ ಊರಿನ ಗಡಿಯೊಳಗೇ ಎಲ್ಲ ಶಾಲೆಗಳಿರುತ್ತವೆ. ಶಿಕ್ಷಕರನ್ನು ಒದಗಿಸುವ ಖಾಸಗಿ ಕಂಪನಿಯ ಮೂಲಕ ಹೋದರೆ ಶಾಲೆಗಳ ಪಟ್ಟಿ ಮಾರ್ಚ್ ಕೊನೆಯವರೆಗೂ ಕೈಗೆ ಬರದೇ ಇರಬಹುದು, ಏಪ್ರಿಲ್ ಮೊದಲ ವಾರದಲ್ಲಿ ಶಾಲೆ ಶುರು. ಕರಾರಿಗೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಬರಹದಲ್ಲಿ ಕೇಳಿ: ಎಷ್ಟು ಶಾಲೆ, ಪ್ರಯಾಣ ಭತ್ಯೆಗೆ ಮಿತಿ ಇದೆಯೇ, ಮುಖ್ಯ ಶಾಲೆ ಬಿಟ್ಟು ಉಳಿದವಕ್ಕೆ ಪ್ರತಿ ದಿನದ ನಿಜ ಖರ್ಚು ಕೊಡುತ್ತಾರೆಯೇ.

ಬಾಡಿಗೆ ಜಾಹೀರಾತಿನಲ್ಲಿ ‘ಸ್ಟೇಷನ್ನಿನಿಂದ ನಡೆದರೆ 10 ನಿಮಿಷ’ ಅಂತ ಇರುತ್ತದೆ. ಅದು ಯಾರೋ ನಡೆದು ನೋಡಿದ ಹೊತ್ತು ಅಲ್ಲ. ದಾರಿಯ 80 ಮೀಟರಿಗೆ ಒಂದು ನಿಮಿಷ ಅನ್ನುವುದು ಅಲ್ಲಿನ ಜಾಹೀರಾತಿನ ನಿಯಮ. ಹತ್ತು ನಿಮಿಷ ಅಂದರೆ 800 ಮೀಟರ್. ಸಿಗ್ನಲಿನಲ್ಲಿ ಕಾಯುವುದು, ಏರು, ರೈಲ್ವೆ ಗೇಟು ಬಿದ್ದಿರುವುದು, ಸ್ಟೇಷನ್ನಿನ ಒಳಗೆ ಪ್ಲಾಟ್‌ಫಾರಂವರೆಗಿನ ನಡಿಗೆ ಇವೆಲ್ಲ ಲೆಕ್ಕದ ಹೊರಗೆ. ದೊಡ್ಡ ಸ್ಟೇಷನ್ನಿನಲ್ಲಿ ಒಳಗಿನ ನಡಿಗೆಯೇ ಏಳೆಂಟು ನಿಮಿಷ ಆಗುತ್ತದೆ. ಸೈಕಲ್ ಇಟ್ಟುಕೊಂಡರೆ ಸ್ಟೇಷನ್ ಬಳಿಯ ಹಣ ಕಟ್ಟುವ ಸ್ಟ್ಯಾಂಡಿನಲ್ಲಿ ತಿಂಗಳ ಲೆಕ್ಕದಲ್ಲಿ ಜಾಗ ಹಿಡಿಯಿರಿ. ಎಲ್ಲೆಂದರಲ್ಲಿ ನಿಲ್ಲಿಸಿದ ಸೈಕಲ್ಲುಗಳನ್ನು ಪುರಸಭೆಯವರು ಎತ್ತಿಕೊಂಡು ಹೋಗುತ್ತಾರೆ, ಬಿಡಿಸಿಕೊಳ್ಳಲು ದಂಡ ಕಟ್ಟಬೇಕು.

ಮನೆ ಆರಿಸುವಾಗ ಇನ್ನೊಂದು ಉಪಾಯವಿದೆ. ಬೆಳಿಗ್ಗೆ ಜನ ನಗರದ ಒಳಗೆ ನುಗ್ಗುತ್ತಾರೆ. ನಿಮ್ಮ ಶಾಲೆ ಹೊರವಲಯದಲ್ಲಿದ್ದರೆ ನಗರದ ಕಡೆಗೆ ಮನೆ ಮಾಡಿ, ಬೆಳಿಗ್ಗೆ ಹೊರಗೆ ಹೋಗುವ ಗಾಡಿ ಹತ್ತಿ. ಕೂರಲು ಜಾಗ ಸಿಗುತ್ತದೆ, ಪಾಠದ ತಯಾರಿ ಮಾಡಿಕೊಳ್ಳಬಹುದು. ಅಲ್ಲಿ ಜನಸಂದಣಿಯನ್ನು ಶೇಕಡಾದಲ್ಲಿ ಅಳೆದು ಸರ್ಕಾರವೇ ಪ್ರಕಟಿಸುತ್ತದೆ. ಎಲ್ಲ ಸೀಟು ತುಂಬಿ, ಉಳಿದವರಿಗೆ ಹಿಡಿದುಕೊಳ್ಳಲು ಬಳೆಯೋ ಕಂಬಿಯೋ ಸಿಕ್ಕರೆ ಅದು 100. ಪತ್ರಿಕೆಯನ್ನು ಮಡಚಿಕೊಂಡು ಹೇಗೋ ಓದಬಹುದಾದರೆ 180. ಮೈಗೆ ಮೈ ಒತ್ತಿ ಭಾರ ಬಿದ್ದರೆ 200. ಟೋಕಿಯೋ ಮೆಟ್ರೋದ ತೋಝಾಯ್ ಮಾರ್ಗದಲ್ಲಿ ಕಿಬಾದಿಂದ ಮೊನ್ಜೆನ್ ನಕಾಚೋ ಕಡೆಗೆ 2019ರಲ್ಲಿ ಬೆಳಗಿನ ಹೊತ್ತು ಇದು 199 ಇತ್ತು. ಅದೇ ಹೊತ್ತಿಗೆ ಎದುರು ದಿಕ್ಕಿನ ಗಾಡಿಯ ಪಾಡೇ ಬೇರೆ.

ಈಗ ಪಾಸಿಗೆ ಬರೋಣ. ಜಪಾನಿಯಲ್ಲಿ ತೇಕಿಕೆನ್. ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು, ಹೀಗೆ ಮೂರು ಅವಧಿಗೆ ಸಿಗುತ್ತದೆ. ಶುರುವಾಗುವ ದಿನಕ್ಕೆ 14 ದಿನ ಮೊದಲಿನಿಂದ ಕೊಳ್ಳಬಹುದು. ಕೆಲಸದವರ ಪಾಸ್ ಬೇರೆ, ವಿದ್ಯಾರ್ಥಿಗಳ ಪಾಸ್ ಬೇರೆ. ಶಾಲೆಗೆ ಹೋಗುತ್ತೀರಿ ಅಂತ ವಿದ್ಯಾರ್ಥಿ ಪಾಸಿನ ಗುಂಡಿ ಒತ್ತಬೇಡಿ, ನಿಮ್ಮದು ತ್ಸೂಕಿನ್, ಅಂದರೆ ಕೆಲಸದವರ ಪಾಸ್. ಮಿಷನ್ನಿನಲ್ಲಿ ಇಂಗ್ಲಿಷ್ ಗುಂಡಿ ಇದೆ. ಹೆಸರು, ಹುಟ್ಟಿದ ದಿನ, ಫೋನ್ ನಂಬರು, ಎಲ್ಲಿಂದ ಎಲ್ಲಿಗೆ, ಎಂದಿನಿಂದ, ಇವನ್ನು ಕೇಳುತ್ತದೆ. ಕೊನೆಗೆ ‘ಕೇಯು’ ಅಂತ ಒಂದು ಆಯ್ಕೆ ಬರುತ್ತದೆ, ಅಂದರೆ ಯಾವುದರ ಮೂಲಕ. ತಪ್ಪುವುದು ಇಲ್ಲೇ. ಎರಡು ಊರಿನ ನಡುವೆ ಮೂರು ದಾರಿ ಇದ್ದರೆ ಪಾಸ್ ಒಂದೇ ದಾರಿಗೆ. ಆ ದಾರಿಯ ಮೇಲಿನ ಯಾವ ಸ್ಟೇಷನ್ನಿನಲ್ಲಾದರೂ ಎಷ್ಟು ಸಲವಾದರೂ ಇಳಿದು ಹತ್ತಬಹುದು, ಭಾನುವಾರವೂ ಸರಿ. ಪಕ್ಕದ ದಾರಿಯಲ್ಲಿ ಇಳಿದರೆ ಹಣ ಕಡಿತವಾಗುತ್ತದೆ. ಮಿಷನ್ ತೋರಿಸುವ ದಾರಿಯೂ ನೀವು ಬರೆದುಕೊಟ್ಟ ಹಾಳೆಯ ದಾರಿಯೂ ಒಂದೇ ಅಂತ ಖಾತ್ರಿ ಮಾಡಿಕೊಂಡೇ ಹಣ ಹಾಕಿ. ಏಪ್ರಿಲ್ ಮೊದಲ ವಾರದಲ್ಲಿ ಇಡೀ ದೇಶದ ವಿದ್ಯಾರ್ಥಿಗಳು, ಹೊಸ ನೌಕರರು ಒಟ್ಟಿಗೆ ಪಾಸ್ ಮಾಡಿಸುತ್ತಾರೆ, ಸರತಿ ಗಂಟೆಗಟ್ಟಲೆ ಇರುತ್ತದೆ. ಮಾರ್ಚ್‌ನಲ್ಲೇ ಮುಗಿಸಿಕೊಳ್ಳಿ.

ಹೆಸರಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಪಾಸಿನ ಮೇಲೆ ಹೆಸರು ಕತಕನದಲ್ಲಿ, ಅಂದರೆ ಪರದೇಶಿ ಹೆಸರುಗಳನ್ನು ಬರೆಯುವ ಜಪಾನಿ ಲಿಪಿಯಲ್ಲಿ, ಅಚ್ಚಾಗುತ್ತದೆ. ನಮ್ಮ ಮಹಾಪ್ರಾಣಗಳು, ಳಕಾರ, ಣಕಾರ ಆ ಲಿಪಿಯಲ್ಲಿ ಇಲ್ಲ. ನ್ ಬಿಟ್ಟು ಬೇರೆ ಯಾವ ವ್ಯಂಜನವೂ ಸ್ವರವಿಲ್ಲದೆ ನಿಲ್ಲುವುದಿಲ್ಲ. ಮಂಜುನಾಥ್ ಅನ್ನುವುದನ್ನು ಒಬ್ಬರು ಮಂಜುನಾಟೊ ಅಂತ ಬರೆಯಬಹುದು, ಇನ್ನೊಬ್ಬರು ಮಂಜುನಾಸು ಅನ್ನಬಹುದು. ಎರಡರಲ್ಲಿ ಯಾವುದು ಅಂತ ಊರಿನಿಂದ ಹೊರಡುವ ಮೊದಲೇ ತೀರ್ಮಾನಿಸಿ, ಬ್ಯಾಂಕು, ಫೋನು, ಪಾಸು ಮೂರಕ್ಕೂ ಅದೇ ಅಕ್ಷರಗಳನ್ನು ಕೊಡಿ. ಪಾಸಿನ ಕಾರ್ಡ್ ಕಳೆದಾಗ ಹುಡುಕುವುದು ಈ ಹೆಸರು ಮತ್ತು ಹುಟ್ಟಿದ ದಿನದ ಮೇಲೆ. ಒಂದು ಅಕ್ಷರ ಬೇರೆಯಾದರೂ ಕೌಂಟರಿನಲ್ಲಿ ಅರ್ಧ ಗಂಟೆ ನಿಲ್ಲಬೇಕಾಗುತ್ತದೆ.

ಎಷ್ಟು ತಿಂಗಳಿಗೆ ಕೊಳ್ಳಬೇಕು? ಕಚೇರಿ ನೌಕರರಿಗೆ ಆರು ತಿಂಗಳದ್ದು ಲಾಭ. ಶಿಕ್ಷಕರಿಗೆ ಹಾಗೆ ಕಣ್ಣುಮುಚ್ಚಿ ಹೇಳಲಾಗದು, ಯಾಕೆಂದರೆ ಬೇಸಿಗೆ ರಜೆ. ಹೆಚ್ಚಿನ ಶಾಲೆಗಳಿಗೆ ಜುಲೈ 20ರ ಸುಮಾರಿನಿಂದ ಆಗಸ್ಟ್ ಕೊನೆಯವರೆಗೆ ರಜೆ. ಮಂಡಳಿಯ ನೇರ ನೌಕರರು ಮತ್ತು ಸರ್ಕಾರಿ ಜೆಟ್ ಕಾರ್ಯಕ್ರಮದಲ್ಲಿ ಹೋದವರು ರಜೆಯಲ್ಲೂ ಶಾಲೆಗೋ ಕಚೇರಿಗೋ ಹೋಗುವುದುಂಟು. ಕಂಪನಿಯ ಮೂಲಕ ಹೋದವರಿಗೆ ಆಗಸ್ಟ್‌ನಲ್ಲಿ ಸಾಮಾನ್ಯವಾಗಿ ಕೆಲಸವಿಲ್ಲ.

ಲೆಕ್ಕ ಹಾಕಿ ನೋಡೋಣ. ಅಂಕಿಗಳು ಬರೀ ಲೆಕ್ಕಕ್ಕೆ. ಒಂದು ಕಡೆಗೆ 400 ಯೆನ್, ಹೋಗಿಬರಲು 800, ತಿಂಗಳ ಪಾಸ್ 12,000. ಹದಿನೈದು ದಿನ ಓಡಾಡಿದರೆ ಪಾಸಿನ ಹಣ ಹುಟ್ಟಿತು, ಹದಿನಾರನೆಯ ದಿನದಿಂದ ಉಳಿತಾಯ. ಮೂರು ತಿಂಗಳ ಪಾಸಿಗೆ ಸುಮಾರು ಶೇ. 5 ಕಡಿಮೆ, ಅಂದರೆ 34,200. ಆರು ತಿಂಗಳಿಗೆ ಜೆಆರ್ ಕಂಪನಿಗಳಲ್ಲಿ, ಅಂದರೆ ಹಿಂದಿನ ಸರ್ಕಾರಿ ರೈಲ್ವೆಯಿಂದ ಬಂದ ಜಪಾನ್ ರೈಲ್ವೇಸ್ ಗುಂಪಿನಲ್ಲಿ, ಸಾಮಾನ್ಯವಾಗಿ ಶೇ. 20ರಷ್ಟು ಕಡಿಮೆ, 57,600. ಖಾಸಗಿ ರೈಲು ಕಂಪನಿಗಳಲ್ಲಿ ಶೇ. 10ರಷ್ಟೇ, 64,800. ಏಪ್ರಿಲ್ 7ಕ್ಕೆ ಶುರು ಮಾಡಿದರೆ ಆರು ತಿಂಗಳ ಪಾಸ್ ಅಕ್ಟೋಬರ್ 6ರವರೆಗೆ. ಅದರ ಬದಲು ಜುಲೈ 6ರವರೆಗೆ ಮೂರು ತಿಂಗಳ ಪಾಸ್ 34,200. ಅಲ್ಲಿಂದ ರಜೆಯವರೆಗೆ ಹತ್ತು ದಿನ ಬಿಡಿಯಾಗಿ 8,000. ಸೆಪ್ಟೆಂಬರ್‌ಗೆ ಒಂದು ತಿಂಗಳ ಪಾಸ್ 12,000. ಅಕ್ಟೋಬರ್‌ನ ನಾಲ್ಕು ದಿನಕ್ಕೆ 3,200. ಒಟ್ಟು 57,400. ಜೆಆರ್‌ನಲ್ಲಿ ಹೆಚ್ಚುಕಡಿಮೆ ಸಮ, ಖಾಸಗಿ ಮಾರ್ಗದಲ್ಲಿ 7,400 ಯೆನ್ ಉಳಿಯಿತು. ಜೆಆರ್‌ನಲ್ಲೂ ಸಮವೇ ಆದಮೇಲೆ ಚಿಕ್ಕ ಅವಧಿಯದ್ದೇ ವಾಸಿ ಅನ್ನುವುದು ನಮ್ಮ ಅಭಿಪ್ರಾಯ. ಶಾಲೆ ಬದಲಾದರೆ, ಕಾರ್ಡು ಹಾಳಾದರೆ, ಕಾಯಿಲೆ ಬಿದ್ದರೆ ಸಿಕ್ಕಿಕೊಳ್ಳುವ ಹಣ ಕಡಿಮೆ. ಭತ್ಯೆಯನ್ನು ಆರು ತಿಂಗಳ ಪಾಸಿನ ದರದಲ್ಲೇ ಕೊಡುವ ಕಡೆಗಳೂ ಇವೆ. ಹಾಗಿದ್ದರೆ ಈ ಲೆಕ್ಕ ಬದಲಾಗುತ್ತದೆ, ಮೊದಲೇ ಕೇಳಿಕೊಳ್ಳಿ.

ಪಾಸ್ ಹಿಂದಿರುಗಿಸಿದಾಗ ಬರುವ ಹಣದ ಬಗ್ಗೆಯೂ ತಪ್ಪು ಕಲ್ಪನೆ ಇದೆ. ಆರು ತಿಂಗಳಲ್ಲಿ ನಾಲ್ಕು ತಿಂಗಳು ಬಳಸಿದರೆ ಉಳಿದ ಎರಡರ ಪಾಲು ಬರುತ್ತದೆ ಅಂದುಕೊಳ್ಳುತ್ತಾರೆ. ಅವರು ಬಳಸಿದ ನಾಲ್ಕು ತಿಂಗಳಿಗೆ ರಿಯಾಯಿತಿ ದರ ಹಾಕುವುದಿಲ್ಲ, ಒಂದು ಮೂರು ತಿಂಗಳ ಪಾಸು ಮತ್ತು ಒಂದು ತಿಂಗಳ ಪಾಸಿನ ಬೆಲೆ ಹಿಡಿಯುತ್ತಾರೆ. ಮೇಲೆ 220 ಯೆನ್ ಶುಲ್ಕ. ನಮ್ಮ ಲೆಕ್ಕದಲ್ಲಿ 57,600ರಲ್ಲಿ 46,200 ಮತ್ತು 220 ಕಳೆದು 11,180 ಮಾತ್ರ ಕೈಗೆ ಬರುತ್ತದೆ. ತಿಂಗಳ ಮೇಲೆ ಒಂದು ದಿನ ಹೋದರೂ ಪೂರ್ತಿ ತಿಂಗಳು ಬಳಸಿದಂತೆಯೇ. ಶಾಲೆ ಬದಲಾಗಿ ಬೇರೆ ದಾರಿಯ ಪಾಸ್ ಮಾಡಿಸುವುದಾದರೆ ಬರೀ ಹಿಂದಿರುಗಿಸಬೇಡಿ, ‘ಕುಕಾನ್ ಹೆನ್‌ಕೋ’ ಅಂತ ಹೇಳಿ. ಅಂದರೆ ದಾರಿ ಬದಲಾವಣೆ. ಆಗ ಹತ್ತು ಹತ್ತು ದಿನದ ಲೆಕ್ಕದಲ್ಲಿ ಕಳೆಯುತ್ತಾರೆ, ನಷ್ಟ ಕಡಿಮೆ.

ಪಾಸ್ ಕೂರುವುದು ಸಾಮಾನ್ಯವಾಗಿ ಐಸಿ ಕಾರ್ಡಿನ, ಅಂದರೆ ಗೇಟಿಗೆ ಮುಟ್ಟಿಸಿ ಹೋಗುವ ಚಿಪ್ ಕಾರ್ಡಿನ ಮೇಲೆ ಅಥವಾ ಫೋನಿನಲ್ಲಿ. ಟೋಕಿಯೋ ಕಡೆ ಸುಯಿಕಾ, 2001ರಲ್ಲಿ ಬಂದದ್ದು. ಒಸಾಕಾ, ಕ್ಯೋಟೋ ಕಡೆ ಇಕೋಕಾ. ಪ್ಲಾಸ್ಟಿಕ್ ಸುಯಿಕಾಗೆ 500 ಯೆನ್ ಠೇವಣಿ; ಗರಿಷ್ಠ 20,000 ಯೆನ್‌ವರೆಗೆ ಹಣ ತುಂಬಿಸಬಹುದು. ಪಾಸಿನ ಗಡಿ ದಾಟಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದರೆ ಆ ಹೆಚ್ಚಿನ ದೂರದ ಹಣ ಕಾರ್ಡಿನಿಂದ ತಾನಾಗಿ ಹೋಗುತ್ತದೆ. ಹಣ ಸಾಲದಿದ್ದರೆ ಗೇಟಿನ ರೆಕ್ಕೆ ಮುಚ್ಚಿಕೊಳ್ಳುತ್ತದೆ. ಗಾಬರಿ ಬೇಡ, ಗೇಟಿನ ಒಳಗೇ ಪಕ್ಕದಲ್ಲಿ ವ್ಯತ್ಯಾಸ ಕಟ್ಟುವ ಮಿಷನ್ ಇರುತ್ತದೆ, ಹಣ ಹಾಕಿ ಹೊರಬನ್ನಿ. ಕಾರ್ಡ್ ಕಳೆದರೆ ಕೂಡಲೇ ಯಾವುದಾದರೂ ಸ್ಟೇಷನ್ನಿನಲ್ಲಿ ಹೇಳಿ ನಿಲ್ಲಿಸಿಸಿ. ಹೆಸರಿರುವ ಕಾರ್ಡಾದರೆ ಟೋಕಿಯೋ ಕಡೆಯ ಜೆಆರ್ ಈಸ್ಟ್ ಕಂಪನಿಯಲ್ಲಿ ಮರುದಿನದಿಂದ 14 ದಿನದೊಳಗೆ ಹೊಸದು ಕೊಡುತ್ತಾರೆ, 520 ಯೆನ್ ಶುಲ್ಕ, ಠೇವಣಿ 500 ಬೇರೆ. ಹೆಸರಿಲ್ಲದ ಕಾರ್ಡಾದರೆ ಹೋದದ್ದು ಹೋಯಿತು.

2013ರಿಂದ ಹತ್ತು ಬಗೆಯ ಕಾರ್ಡುಗಳು ಒಂದರ ಪ್ರದೇಶದಲ್ಲಿ ಇನ್ನೊಂದು ನಡೆಯುತ್ತವೆ. ಇದನ್ನು ಕೇಳಿ ‘ಒಂದೇ ಕಾರ್ಡು ದೇಶಕ್ಕೆಲ್ಲ’ ಅಂದುಕೊಂಡು ಸಿಕ್ಕಿಬೀಳುವವರು ಬಹಳ. ಟೋಕಿಯೋ ಒಳಗೆ ನಡೆಯುತ್ತದೆ, ಒಸಾಕಾ ಒಳಗೂ ನಡೆಯುತ್ತದೆ. ಒಂದು ಪ್ರದೇಶದಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುವಂತಿಲ್ಲ. ಟೋಕಿಯೋ ಕಡೆಯ ಸುಯಿಕಾ ಪ್ರದೇಶ ಅತಾಮಿಗೆ ಮುಗಿಯುತ್ತದೆ. ಮುಂದಿನ ಕನ್ನಾಮಿ ಇನ್ನೊಂದು ಕಾರ್ಡಿನ ಪ್ರದೇಶ. ಗಾಡಿ ನೇರವಾಗಿ ಹೋಗುತ್ತದೆ, ಕಿಟಕಿಯಲ್ಲಿ ಗಡಿ ಕಾಣಿಸುವುದಿಲ್ಲ. ಇಳಿದ ಕಡೆ ಗೇಟು ತೆರೆಯುವುದಿಲ್ಲ. ನಗದು ಕೊಟ್ಟು, ಅವರು ಕೊಡುವ ಚೀಟಿ ತಂದು, ಮೊದಲ ಪ್ರದೇಶದ ಸ್ಟೇಷನ್ನಿನಲ್ಲಿ ಕಾರ್ಡು ಸರಿ ಮಾಡಿಸುವವರೆಗೆ ಆ ಕಾರ್ಡು ಸತ್ತಂತೆ. ಗಡಿ ದಾಟುವ ದಿನ ಕಾಗದದ ಟಿಕೆಟ್ ಕೊಳ್ಳಿ. ಕುಮಾಮೊತೊದಲ್ಲಂತೂ ಐದು ಬಸ್ಸು, ರೈಲು ಕಂಪನಿಗಳು 2024ರ ನವೆಂಬರ್‌ನಿಂದ ಈ ದೇಶವ್ಯಾಪಿ ಕಾರ್ಡುಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿವೆ. ನೀವು ಹೋಗುವ ಜಿಲ್ಲೆಯ ಸಂಗತಿ ವಿಚಾರಿಸಿಕೊಳ್ಳಿ.

ಇನ್ನು ಗಾಡಿಯ ಬಗೆ. ಫುತ್ಸೂ ಅಥವಾ ಕಕುಏಕಿ ಅಂದರೆ ನಮ್ಮ ಪ್ಯಾಸೆಂಜರ್, ಎಲ್ಲ ಕಡೆ ನಿಲ್ಲುತ್ತದೆ. ಕಾಯ್‌ಸೋಕು ಕೆಲವು ಬಿಡುತ್ತದೆ, ಹೆಚ್ಚಿನ ಹಣವಿಲ್ಲ. ತೊಕ್ಕ್ಯೂ, ಅಂದರೆ ಎಕ್ಸ್‌ಪ್ರೆಸ್, ವಿಷಯದಲ್ಲಿ ಹುಷಾರು: ಜೆಆರ್‌ನಲ್ಲಿ ಅದಕ್ಕೆ ಪ್ರತ್ಯೇಕ ಟಿಕೆಟ್ ಬೇಕು, ಪಾಸ್ ಇದ್ದರೂ ಬೇಕು. ಹಾಂಕ್ಯೂ, ಕೇಯೋದಂಥ ಖಾಸಗಿ ಕಂಪನಿಗಳಲ್ಲಿ ಅದೇ ಹೆಸರಿನ ಗಾಡಿಗೆ ಹೆಚ್ಚಿಗೆ ಏನೂ ಕೊಡಬೇಕಾಗಿಲ್ಲ. ಹೆಸರು ಒಂದೇ, ನಿಯಮ ಬೇರೆ. ನಿಮ್ಮ ಚಿಕ್ಕ ಸ್ಟೇಷನ್ನಿನಲ್ಲಿ ಯಾವುದು ನಿಲ್ಲುತ್ತದೆ ಅನ್ನುವುದನ್ನು ಭಾನುವಾರ ಒಮ್ಮೆ ಹೋಗಿ ನೋಡಿಕೊಳ್ಳಿ. ಆದರೆ ಹೊತ್ತು ಅಳೆಯಬೇಡಿ, ಯಾಕೆಂದರೆ ವಾರದ ದಿನಗಳ ವೇಳಾಪಟ್ಟಿ ಬೇರೆ, ಶನಿವಾರ ಭಾನುವಾರ ರಜಾದಿನಗಳದ್ದು ಬೇರೆ. ಆ್ಯಪ್‌ನಲ್ಲಿ ಹುಡುಕುವಾಗ ಮಂಗಳವಾರದ ಒಂದು ದಿನಾಂಕ ಹಾಕಿ, ‘ಇಷ್ಟು ಹೊತ್ತಿಗೆ ತಲುಪಬೇಕು’ ಅನ್ನುವ ಆಯ್ಕೆಯಲ್ಲಿ ಹುಡುಕಿ. ಶಿಕ್ಷಕರ ಬೆಳಗಿನ ಸಭೆ 8:15ರ ಆಸುಪಾಸಿನಲ್ಲಿ ಇದ್ದರೆ ಶಾಲೆಯ ಬಾಗಿಲಿಗೆ 8:00ಕ್ಕೆ. ಒಳಗೆ ಹಾಕುವ ಚಪ್ಪಲಿ ಬದಲಿಸಿ, ಹಾಜರಿಗೆ ಮುದ್ರೆ ಒತ್ತಿ ಕುರ್ಚಿಯಲ್ಲಿ ಕೂರಲು ಆ ಹದಿನೈದು ನಿಮಿಷ ಬೇಕು.

ಕೆಲವು ಗಾಡಿಗಳು ಮಧ್ಯದಲ್ಲಿ ಎರಡಾಗುತ್ತವೆ. ಒಸಾಕಾದಿಂದ ಕಾನ್ಸಾಯ್ ವಿಮಾನ ನಿಲ್ದಾಣದ ಕಡೆ ಹೊರಡುವ ಕಾಯ್‌ಸೋಕು ಹಿನೆನೊದಲ್ಲಿ ಬೇರ್ಪಡುತ್ತದೆ: 1ರಿಂದ 4ನೇ ಬೋಗಿ ವಿಮಾನ ನಿಲ್ದಾಣಕ್ಕೆ, 5ರಿಂದ 8 ವಕಾಯಾಮಾ ಕಡೆಗೆ. ಬೋಗಿಯ ಸಂಖ್ಯೆ ನೋಡದೆ ನಿದ್ದೆ ಹೋದರೆ ಎದ್ದಾಗ ಬೇರೆ ಊರು.

ಹಳ್ಳಿಗಾಡಿನ ಮಾರ್ಗಗಳ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಹೇಳುವವರು ಕಡಿಮೆ, ಆದರೆ ಎಎಲ್‌ಟಿಗಳು ಹೆಚ್ಚಾಗಿ ಹೋಗುವುದು ಅಲ್ಲಿಗೇ. ಒಂದೋ ಎರಡೋ ಬೋಗಿಯ ಡೀಸೆಲ್ ಗಾಡಿ, ಚಾಲಕನೇ ಎಲ್ಲ. ಅಲ್ಲಿ ಇದಕ್ಕೆ ವನ್‌ಮ್ಯಾನ್ ಅನ್ನುತ್ತಾರೆ. ಸಿಬ್ಬಂದಿಯಿಲ್ಲದ ಸ್ಟೇಷನ್ನಿನಲ್ಲಿ ಹಿಂದಿನ ಬಾಗಿಲಲ್ಲಿ ಹತ್ತಿ, ಪಕ್ಕದ ಡಬ್ಬಿಯಿಂದ ಸಂಖ್ಯೆಯ ಚೀಟಿ ಎಳೆದುಕೊಳ್ಳಿ. ಅದು ಸೇರಿಕೆನ್. ಚಾಲಕನ ತಲೆಯ ಮೇಲಿನ ಫಲಕದಲ್ಲಿ ಆ ಸಂಖ್ಯೆಯ ಕೆಳಗೆ ತೋರಿಸುವ ಹಣ ನಿಮ್ಮ ದರ. ಇಳಿಯುವುದು ಮೊದಲ ಬೋಗಿಯ ಮುಂದಿನ ಬಾಗಿಲಲ್ಲಿ, ಚೀಟಿ ಮತ್ತು ಹಣ ಪೆಟ್ಟಿಗೆಗೆ ಹಾಕಿ. ಆ ಪೆಟ್ಟಿಗೆ ಚಿಲ್ಲರೆ ವಾಪಸ್ ಕೊಡುವುದಿಲ್ಲ ಅಂದುಕೊಂಡೇ ಹೋಗಿ. ಸಾವಿರದ ನೋಟು ಮುರಿಸುವ ಜಾಗ ಅದರಲ್ಲೇ ಇರುತ್ತದೆ. ಗಾಡಿ ನಿಂತಿರುವಾಗ, ಇಳಿಯುವ ಮೊದಲೇ ಮುರಿಸಿಕೊಳ್ಳಿ. ದೊಡ್ಡ ನೋಟು ಒಂದೇ ಇದ್ದರೆ ಕಷ್ಟ. ಚೀಟಿ ತೆಗೆದುಕೊಳ್ಳದಿದ್ದರೆ ಗಾಡಿ ಹೊರಟ ಊರಿನಿಂದಲೇ ಹಣ ಕೇಳಬಹುದು. ಬಾಗಿಲು ತಾನಾಗಿ ತೆರೆಯುವುದಿಲ್ಲ, ಗುಂಡಿ ಒತ್ತಬೇಕು. ಚಳಿಗಾಲದಲ್ಲಿ ಹತ್ತಿದವರು ಒಳಗಿನ ಗುಂಡಿ ಒತ್ತಿ ಮುಚ್ಚಬೇಕು, ಇಲ್ಲದಿದ್ದರೆ ಬೆಚ್ಚಗಿನ ಗಾಳಿಯೆಲ್ಲ ಹೊರಗೆ ಹೋಗಿ ಕೂತವರು ನಡುಗುತ್ತಾರೆ.

ಇಂಥ ಮಾರ್ಗಗಳು ಬಹುತೇಕ ಒಂಟಿ ಹಳಿ. ಎದುರಿನ ಗಾಡಿ ತಡವಾದರೆ ನಿಮ್ಮದೂ ಕ್ರಾಸಿಂಗ್‌ನಲ್ಲಿ ನಿಲ್ಲುತ್ತದೆ. ನಮ್ಮ ಕಡೆ ಡಬಲ್ ಲೈನ್ ಆಗುವ ಮುಂಚಿನ ದಿನಗಳು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಟೆಗೆ ಒಂದೇ ಗಾಡಿ, ಕೆಲವು ಕಡೆ ಅದೂ ಇಲ್ಲ. ಅಲ್ಲಿ ‘ಇದು ತಪ್ಪಿದರೆ ಮುಂದಿನದು’ ಅನ್ನುವ ಮಾತು ನಡೆಯುವುದಿಲ್ಲ. ತಪ್ಪಿದರೆ ಮೊದಲ ಪೀರಿಯಡ್ ಹೋಯಿತು. ಹಾಗಾಗಿ ಒಂದು ಗಾಡಿ ಮೊದಲಿನದನ್ನೇ ನಿಮ್ಮ ಮಾಮೂಲಿ ಗಾಡಿ ಮಾಡಿಕೊಳ್ಳಿ.

ಜಪಾನಿನ ರೈಲು ತಡವಾಗುವುದೇ ಇಲ್ಲ ಅನ್ನುವ ನಂಬಿಕೆ ಬಿಟ್ಟು ಹೋಗಿ. ಟೋಕಿಯೋ ಸುತ್ತಲಿನ ದಟ್ಟ ಮಾರ್ಗಗಳಲ್ಲಿ ಬೆಳಗಿನ ಹೊತ್ತು ಐದು ಹತ್ತು ನಿಮಿಷದ ತಡ ದಿನನಿತ್ಯದ ಮಾತು. ಯಾವ ಮಾರ್ಗದಲ್ಲಿ ತಿಂಗಳ 20 ಕೆಲಸದ ದಿನಗಳಲ್ಲಿ ಎಷ್ಟು ದಿನ ತಡವಾಯಿತು ಅನ್ನುವ ಪಟ್ಟಿಯನ್ನು ಅಲ್ಲಿನ ಸಾರಿಗೆ ಸಚಿವಾಲಯವೇ ಪ್ರಕಟಿಸುತ್ತದೆ. ಐದು ನಿಮಿಷಕ್ಕೂ ಹೆಚ್ಚು ತಡವಾದರೆ ಚಿಯೆನ್ ಶೋಮೇಶೋ ಸಿಗುತ್ತದೆ, ತಡದ ಪ್ರಮಾಣಪತ್ರ. ಗೇಟಿನ ಬಳಿ ಚೀಟಿ ಹಂಚುತ್ತಾರೆ, ಕಂಪನಿಯ ವೆಬ್‌ಸೈಟಿನಲ್ಲೂ ಇಳಿಸಿಕೊಳ್ಳಬಹುದು. ಅದನ್ನು ಶಾಲೆಗೆ ಕೊಡಿ. ಆದರೆ ಪ್ರಮಾಣಪತ್ರ ಇದೆ ಅಂತ ಫೋನ್ ಮಾಡದೆ ಇರಬಾರದು. ತಡವಾಗುವುದು ಖಚಿತವಾದ ಕೂಡಲೇ, ಪ್ಲಾಟ್‌ಫಾರಂಗೆ ಇಳಿದು ಶಾಲೆಗೆ ಕರೆ ಮಾಡಿ ಉಪಮುಖ್ಯೋಪಾಧ್ಯಾಯರನ್ನು, ಅಲ್ಲಿ ಕ್ಯೋತೋ ಸೆನ್ಸೇ ಅನ್ನುತ್ತಾರೆ, ಕೇಳಿ. ಎರಡು ವಾಕ್ಯ ಸಾಕು: ‘ಮೋಶಿವಾಕೆ ಅರಿಮಾಸೆನ್, ದೆನ್‌ಶಾ ಗಾ ಒಕುರೆತೆ ಇಮಾಸು. ಜೂಗೊಫುನ್ ಗುರಾಯ್ ಒಕುರೆಸೋ ದೆಸು.’ ಕ್ಷಮಿಸಿ, ರೈಲು ತಡವಾಗಿದೆ. ನಾನು ಹದಿನೈದು ನಿಮಿಷ ತಡವಾಗಬಹುದು. ಇದನ್ನು ಇವತ್ತೇ ಬಾಯಿಪಾಠ ಮಾಡಿ. ಕಂಪನಿಯ ಮೂಲಕ ಹೋದವರು ಶಾಲೆಗೂ ಕಂಪನಿಗೂ ಎರಡು ಕಡೆ ಹೇಳಬೇಕು.

ಧ್ವನಿವರ್ಧಕದಲ್ಲಿ ಮೂರು ಪದ ಕಿವಿಗೆ ಬಿದ್ದರೆ ಸಾಕು. ಒಕುರೆ ಅಂದರೆ ತಡ, ಕಾಯಿರಿ. ಉನ್‌ಕ್ಯೂ ಅಂದರೆ ಆ ಗಾಡಿ ರದ್ದು. ಮಿಅವಾಸೆ ಅಂದರೆ ಇಡೀ ಮಾರ್ಗ ನಿಂತಿದೆ, ಬೇರೆ ದಾರಿ ನೋಡಿ. ಆಗ ಫುರಿಕಾಎ ಯುಸೋ ಅಂತ ಘೋಷಿಸುತ್ತಾರೆ: ನಿಂತ ಮಾರ್ಗದ ಪ್ರಯಾಣಿಕರನ್ನು ಪಕ್ಕದ ಕಂಪನಿಯ ರೈಲಿನಲ್ಲಿ ಹೆಚ್ಚಿನ ಹಣವಿಲ್ಲದೆ ಕಳಿಸುವ ಏರ್ಪಾಡು. ಇದು ಪಾಸಿನ ವ್ಯಾಪ್ತಿಯೊಳಗೆ ಪಾಸ್ ಇರುವವರಿಗೆ, ಮೊದಲೇ ಟಿಕೆಟ್ ಕೊಂಡವರಿಗೆ ಸಿಗುತ್ತದೆ. ಕಾರ್ಡಿನಲ್ಲಿ ಬರೀ ಹಣ ತುಂಬಿಸಿಕೊಂಡು ಓಡಾಡುವವರಿಗೆ ಸಿಗುವುದಿಲ್ಲ. ಕಾರಣವೂ ನ್ಯಾಯವೇ: ಅವರು ಎಲ್ಲಿಗೆ ಹೋಗುತ್ತಾರೆ ಅನ್ನುವುದು ಇಳಿಯುವವರೆಗೆ ತೀರ್ಮಾನವಾಗಿರುವುದಿಲ್ಲ, ನಿಂತ ಮಾರ್ಗಕ್ಕೆ ಅವರು ಹಣ ಕಟ್ಟಿರುವುದಿಲ್ಲ. ತಿಂಗಳಿಗೆ ಹದಿನಾಲ್ಕೇ ದಿನ ಓಡಾಡುವವರೂ ಪಾಸ್ ಕೊಳ್ಳುವುದನ್ನು ಯೋಚಿಸಬೇಕು ಅನ್ನುವುದು ಇದಕ್ಕೇ. ಚಂಡಮಾರುತ ಬರುವುದಿದ್ದರೆ ಹಿಂದಿನ ದಿನವೇ ಎಷ್ಟು ಗಂಟೆಯಿಂದ ಗಾಡಿ ನಿಲ್ಲಿಸುತ್ತೇವೆ ಅಂತ ಪ್ರಕಟಿಸುತ್ತಾರೆ. ಅವತ್ತು ಸಂಜೆಯೇ ಕ್ಯೋತೋ ಸೆನ್ಸೇ ಜೊತೆ ಮಾತಾಡಿ ಮುಗಿಸಿ. ಭೂಕಂಪದಲ್ಲಿ ಗಾಡಿ ನಿಂತರೆ ಸಿಬ್ಬಂದಿ ಹೇಳುವವರೆಗೆ ಹಳಿಗೆ ಇಳಿಯಲೇ ಬೇಡಿ.

ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಒಂದು ಮಾತು. ದಟ್ಟಣೆಯ ಗಾಡಿಯಲ್ಲಿ ಮೈಮುಟ್ಟುವ ಕಿರುಕುಳ ಅಲ್ಲೂ ಇದೆ, ಅದಕ್ಕೆ ಚಿಕಾನ್ ಅನ್ನುತ್ತಾರೆ. ಅನೇಕ ಮಾರ್ಗಗಳಲ್ಲಿ ಬೆಳಗಿನ ಹೊತ್ತು ಒಂದು ಬೋಗಿ ಹೆಂಗಸರಿಗೆ ಮೀಸಲು. ಒಸಾಕಾದ ಕೆಲವು ಮಾರ್ಗಗಳಲ್ಲಿ ದಿನವಿಡೀ. ಪ್ಲಾಟ್‌ಫಾರಂ ನೆಲದ ಮೇಲೆ ಗುಲಾಬಿ ಬಣ್ಣದ ಗುರುತು ಇರುತ್ತದೆ. ಟೋಕಿಯೋ ಪೊಲೀಸರ ಡಿಜಿ ಪೊಲೀಸ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ಬಾಯಿ ಕಟ್ಟಿದಂತಾದಾಗ ಫೋನಿನ ಪರದೆ ಪಕ್ಕದವರಿಗೆ ತೋರಿಸಿದರೆ ಸಹಾಯ ಕೇಳುವ ಮಾತು ಜಪಾನಿಯಲ್ಲಿ ಕಾಣುತ್ತದೆ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಸಿಬ್ಬಂದಿಗೆ ಹೇಳಿ, ಪೊಲೀಸ್ ನಂಬರು 110. ಪರದೇಶ ಅಂತ ನುಂಗಿಕೊಂಡು ಸುಮ್ಮನಿರಬೇಕಾಗಿಲ್ಲ. ಗಂಡಸರು ಬ್ಯಾಗು ಎದೆಗೆ ಹಾಕಿಕೊಂಡು, ಎರಡೂ ಕೈ ಮೇಲೆ ಕಾಣುವಂತೆ ಬಳೆ ಹಿಡಿದು ನಿಲ್ಲುವುದು ಅಲ್ಲಿನ ರೂಢಿ, ಒಳ್ಳೆಯ ರೂಢಿ.

ನಮ್ಮ ರೈಲಿನಲ್ಲಿ ಡಬ್ಬಿ ಬಿಚ್ಚಿ ಹಂಚಿಕೊಂಡು ತಿನ್ನುವುದು, ಗೆಳೆಯನಿಗೆ ಜಾಗ ಹಿಡಿಯುವುದು, ಫೋನಿನಲ್ಲಿ ಮನೆಯವರ ಜೊತೆ ಮಾತಾಡುವುದು ಎಲ್ಲ ಸಹಜ. ಅಲ್ಲಿನ ದಿನದ ಗಾಡಿಯಲ್ಲಿ ಈ ಮೂರೂ ಇಲ್ಲ. ಬೆಳಿಗ್ಗೆ ಉಪಾಹಾರ ಮನೆಯಲ್ಲೇ ಮುಗಿಸಿ. ನಿಮ್ಮ ಗಾಡಿಯಲ್ಲೇ ನಿಮ್ಮ ವಿದ್ಯಾರ್ಥಿಗಳು, ಅವರ ತಂದೆತಾಯಿಯರು ಇರುತ್ತಾರೆ ಅನ್ನುವುದು ನೆನಪಿರಲಿ.

ಸಂಭಾಷಣಾ ಶಾಲೆಗಳಲ್ಲಿ, ಅಂದರೆ ಏಕಾಯ್ವಾಗಳಲ್ಲಿ, ಪಾಠ ರಾತ್ರಿ ಒಂಬತ್ತು ದಾಟುವುದುಂಟು. ಅವರಿಗೆ ಮುಖ್ಯವಾದದ್ದು ಶೂದೆನ್, ಕೊನೆಯ ಗಾಡಿ. ದೊಡ್ಡ ನಗರಗಳಲ್ಲಿ ಅದು ಸುಮಾರು ಮಧ್ಯರಾತ್ರಿಗೆ. ಮಾರ್ಗ ಬದಲಿಸುವವರು ಎರಡನೆಯ ಮಾರ್ಗದ ಕೊನೆಯ ಗಾಡಿಯಿಂದ ಹಿಂದಕ್ಕೆ ಎಣಿಸಬೇಕು. ಸ್ಟೇಷನ್ನಿನಿಂದ ಮನೆಗೆ ಬಸ್ಸಾದರೆ ಬಸ್ಸು ರೈಲಿಗಿಂತ ಬಹಳ ಮೊದಲೇ ನಿಂತಿರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಟ್ಯಾಕ್ಸಿಗೆ ಸಾಮಾನ್ಯವಾಗಿ ಶೇ. 20 ಹೆಚ್ಚು. ಸಂಬಳದ ಹಾಳೆಯಲ್ಲಿ ಆ ಟ್ಯಾಕ್ಸಿಗೆ ಜಾಗವಿಲ್ಲ, ಯಾಕೆಂದರೆ ನೀವು ಬರೆದುಕೊಟ್ಟ ದಾರಿಯಲ್ಲಿ ಅದು ಇಲ್ಲ.

ಕರಾರು ಮುಗಿಸಿ ಊರಿಗೆ ಮರಳುವಾಗ ಪಾಸಿನಲ್ಲಿ ಪೂರ್ತಿ ಒಂದು ತಿಂಗಳಾದರೂ ಉಳಿದಿದ್ದರೆ ಹಿಂದಿರುಗಿಸಿ, ಕಡಿಮೆ ಉಳಿದಿದ್ದರೆ ಏನೂ ಬರುವುದಿಲ್ಲ. ಕಾರ್ಡನ್ನು ಕೊಟ್ಟ ಕಂಪನಿಯ ಪ್ರದೇಶದಲ್ಲೇ ವಾಪಸ್ ಮಾಡಬೇಕು. ಸುಯಿಕಾವನ್ನು ಒಸಾಕಾದ ವಿಮಾನ ನಿಲ್ದಾಣದಲ್ಲಿ ತೆಗೆದುಕೊಳ್ಳುವುದಿಲ್ಲ. ಒಳಗೆ ಉಳಿದ ಹಣದಲ್ಲಿ 220 ಯೆನ್ ಶುಲ್ಕ ಹಿಡಿದು ಉಳಿದದ್ದನ್ನೂ 500 ಯೆನ್ ಠೇವಣಿಯನ್ನೂ ಕೊಡುತ್ತಾರೆ. ಕೊನೆಯ ದಿನಗಳಲ್ಲಿ ಸ್ಟೇಷನ್ ಅಂಗಡಿಯಲ್ಲಿ ಕಾರ್ಡಿನ ಹಣ ಸೊನ್ನೆಗೆ ತಂದುಕೊಂಡರೆ ಶುಲ್ಕ ಕಡಿಯಲು ಏನೂ ಇರುವುದಿಲ್ಲ, ಠೇವಣಿ ಪೂರ್ತಿ ಬರುತ್ತದೆ.